ಕರೆಂಟು ಕಮ್ಮಿ

ಕೆ.ಆರ್. ನಗರದಲ್ಲಿ ನನ್ನ ಸೋದರಮಾವನ ಮೋಟಾರು ವೈಂಡಿಂಗ್ ಅಂಗಡಿಯಿದೆ. ಐಟಿಐ ಮುಗಿಸಿ ಅಲ್ಲಿಗೆ ಸೇರಿದ ನನಗೆ ಕೈಕೆಲಸ ಕಲಿಸಿದವರು ಅವರೇ. ಚುಂಚನಕಟ್ಟೆ ಕಡೆಯ ರೈತರು ಸುಟ್ಟ ಪಂಪ್‌ಸೆಟ್ ಮೋಟಾರು ತಂದಿಳಿಸಿ ಕಾರಣ ಕೇಳಿದರೆ, ಮಾವ ಕಪ್ಪಾದ ತಂತಿಯನ್ನು ಮೂಸಿ, "ಕರೆಂಟು ಕಮ್ಮಿಯಾಗಿ ಸುಟ್ಟದೆ ಕಣ್ರೀ" ಎನ್ನುತ್ತಿದ್ದರು. ನನಗೆ ಅದು ವೇದವಾಕ್ಯ. ನಾನೂ ಅದನ್ನೇ ಹೇಳುತ್ತಾ ಬಂದೆ.

ಮಗಳು ಹುಟ್ಟಿದ ಮೇಲೆ ಮೈಸೂರಿನ ಸಂಜೆ ಪಾಲಿಟೆಕ್ನಿಕ್ಕಿಗೆ ಸೇರಿದೆ. ಡಿಪ್ಲೊಮಾ ಇಲ್ಲದೆ ಸರ್ಕಾರದ ಎಲೆಕ್ಟ್ರಿಕಲ್ ಸೂಪರ್‌ವೈಸರ್ ಪರ್ಮಿಟ್ ಸಿಗದು; ಅದಿಲ್ಲದೆ ದೊಡ್ಡ ಕೆಲಸ ಯಾವುದೂ ನಮ್ಮ ಅಂಗಡಿಗೆ ಬಾರದು. ಓದು ಎಂದು ಹಟ ಹಿಡಿದವರೂ ಮಾವನೇ. ನಾನು ರೈಲು ಹತ್ತಿದ ಮೇಲೆ ಉಳಿದ ಕೆಲಸವನ್ನೆಲ್ಲ ಅವರೊಬ್ಬರೇ ಮುಗಿಸುತ್ತಿದ್ದರು. ತರಗತಿಯಲ್ಲಿ ಕುಳಿತರೆ ನಿದ್ದೆ, ಅದರ ಮೇಲೆ ಲೆಕ್ಕ. ತಂತಿಗೆ ಬಳಿದು ಅಂಗೈಗೆ ಅಂಟಿದ ವಾರ್ನಿಷ್ ವಾಸನೆ ಪುಸ್ತಕಕ್ಕೂ ಹತ್ತಿತ್ತು.

ಕೊನೆಯ ಮೌಖಿಕ ಪರೀಕ್ಷೆಯಲ್ಲಿ, ಹಳ್ಳಿಯ ಮೋಟಾರುಗಳು ಯಾಕೆ ಸುಡುತ್ತವೆ ಎಂದು ಪರೀಕ್ಷಕರು ಕೇಳಿದರು. ರೋಗಿ ಬಯಸಿದ್ದೂ ಹಾಲು ಅನ್ನ, ವೈದ್ಯ ಹೇಳಿದ್ದೂ ಹಾಲು ಅನ್ನ ಎಂದುಕೊಂಡು, "ಕರೆಂಟು ಕಮ್ಮಿಯಾಗಿ ಸಾರ್" ಎಂದೆ. ಅವರು ನಗಲಿಲ್ಲ. ಕರೆಂಟು ಕಮ್ಮಿಯಾದರೆ ಮೋಟಾರು ತಣ್ಣಗಿರಬೇಕಲ್ಲವೇ ಎಂದು ಮೆಲ್ಲಗೆ ಕೇಳಿದರು. ನನ್ನ ಕಿವಿ ಬಿಸಿಯಾಯಿತು. ಕಮ್ಮಿಯಾಗುವುದು ವೋಲ್ಟೇಜು, ಆಗ ಅಷ್ಟೇ ನೀರೆತ್ತಲು ಮೋಟಾರು ಹೆಚ್ಚು ಕರೆಂಟು ಎಳೆದು ಸುಡುತ್ತದೆ. ಅದನ್ನು ಓದಿದ್ದೆ, ಲೆಕ್ಕವನ್ನೂ ಮಾಡಿದ್ದೆ. ಆದರೆ ಪುಸ್ತಕದ ಕರೆಂಟು, ನಮ್ಮಂಗಡಿಯ ಕರೆಂಟು ಎರಡೂ ಒಂದೇ ಎಂದು ಹೊಳೆದೇ ಇರಲಿಲ್ಲ. ತಿದ್ದಿಕೊಂಡು ಹೇಳಿದೆ. ಪಾಸು ಮಾಡಿದರು.

ಮಾರನೆಯ ದಿನ, ಪರೀಕ್ಷೆಯಲ್ಲಿ ಏನೇನು ಕೇಳಿದರೆಂದು ಮಾವ ಆಸೆಯಿಂದ ವಿಚಾರಿಸಿದರು. ಅವರ ಮುಂದೆ ನಾನು ಎಂದೂ ಮುಚ್ಚಿಟ್ಟವನಲ್ಲ, ಹೇಳಿದೆ. ತಂತಿ ಸುತ್ತುತ್ತಿದ್ದ ಕೈ ನಿಂತಿತು.

"ಅಂಗಾರೆ ಇಷ್ಟ್ ವರ್ಸ ಜನಕ್ಕೆ ತಪ್ಪೇ ಏಳ್ಕೊಂಡ್ ಬಂದಿವ್ನಿ ಕಣ್ಲಾ."

"ಮಾತು ತಪ್ಪು ಮಾವ, ಕೆಲ್ಸ ತಪ್ಪಲ್ಲ" ಎಂದೆ. ನಿಜವನ್ನೇ ಹೇಳಿದ್ದೆ, ಆದರೂ ಬರೀ ಸಮಾಧಾನದ ಮಾತಿನಂತೆ ಕೇಳಿಸಿತು.

ಈಗ ಪರ್ಮಿಟ್ ಬಂದಿದೆ, ದೊಡ್ಡ ಕೆಲಸಗಳೂ ಬರುತ್ತಿವೆ. ರೈತರು ಕಾರಣ ಕೇಳಿದರೆ ಮಾವ ನನ್ನ ಕಡೆ ಕೈ ತೋರಿಸುತ್ತಾರೆ. ಜನ ಅದನ್ನು ಅಳಿಯನ ಮೇಲಿನ ಹೆಮ್ಮೆ ಎಂದುಕೊಂಡಿದ್ದಾರೆ. ಹೆಮ್ಮೆಯೂ ಇರಬಹುದು. ಮೊನ್ನೆ ಒಂದು ಮೋಟಾರು ಯಾಕೆ ಸುಟ್ಟಿತೆಂದು ನನಗೆ ಎಷ್ಟು ನೋಡಿದರೂ ಗೊತ್ತಾಗಲಿಲ್ಲ. ಅವರನ್ನೇ ಕೇಳಿದೆ.

"ಓದಿರೋನು ನೀನು. ನನ್ನೇನ್ಲಾ ಕೇಳೀಯ" ಎಂದರು.

ಆ ಮಾತಿನಲ್ಲಿ ಕೋಪವೇ ಇರಲಿಲ್ಲ. ಅದಕ್ಕೇ ನನಗೆ ಅಳು ಬಂತು.