ನಿಂಬೆ ಎಲೆಯ ಕಂಡಕ್ಟರು

ಮುಖ ಬಾಡಿದವರಿಗೆ ಖಾದರ್ ಸಾಬರು ಟಿಕೆಟ್ಟಿಗಿಂತ ಮೊದಲು ನಿಂಬೆ ಎಲೆ ಕೊಡುತ್ತಿದ್ದರು. ಹರಿಹರದಿಂದ ದಾವಣಗೆರೆಗೆ ಹೋಗುವ ಬೆಳಗಿನ ಬಸ್ಸಿನ ಕಂಡಕ್ಟರು ಅವರು. ಚರ್ಮದ ಚೀಲದ ತುಂಬ ಮನೆಯಂಗಳದ ಗಿಡದ ಎಲೆ ಇರುತ್ತಿದ್ದುದರಿಂದ, ಆಗಷ್ಟೇ ಚಲಾವಣೆಗೆ ಬಂದಿದ್ದ ನಯಾಪೈಸೆಯೂ ಅವರ ಕೈಯಿಂದ ಘಮಘಮಿಸುತ್ತಲೇ ಬರುತ್ತಿತ್ತು. ಸೀಟು ಖಾಲಿ ಇದ್ದರೂ ಕೂರುತ್ತಿರಲಿಲ್ಲ. ತಾವೂ ಒಂದು ಎಲೆಯನ್ನು ಮೂಗಿಗೆ ಹಿಡಿದು, ಹಿಂದಿನ ಬಾಗಿಲಲ್ಲಿ ಗಾಳಿಗೆ ಮುಖವೊಡ್ಡಿ ನಿಲ್ಲುತ್ತಿದ್ದರು. ಸಾಬರ ಶೋಕಿ ಎಂದು ನಾವೆಲ್ಲ ನಗುತ್ತಿದ್ದೆವು.

ಮದುವೆಯಾಗಿ ಹರಿಹರಕ್ಕೆ ಬಂದ ಹೊಸದರಲ್ಲಿ ನನಗೆ ದಾವಣಗೆರೆಯ ಹೆಣ್ಣುಮಕ್ಕಳ ಶಾಲೆಯಲ್ಲಿ ಪಾಠ ಹೇಳುವ ಕೆಲಸ ಸಿಕ್ಕಿತು. ಬಸ್ಸು ಮಾತ್ರ ನನಗೆ ಆಗುತ್ತಿರಲಿಲ್ಲ. ಡೀಸೆಲ್ಲು, ಬೀಡಿ, ಬೆವರು ಎಲ್ಲ ಸೇರಿ, ಊರು ದಾಟುವಷ್ಟರಲ್ಲಿ ಕಿಟಕಿಯಾಚೆ ತಲೆ ಹಾಕುತ್ತಿದ್ದೆ. ಅತ್ತೆ ನೋಡುವಷ್ಟು ನೋಡಿ, "ಮೈಗೆ ಆಗದ ನೌಕರಿ ಯಾಕವ್ವ? ಈ ತಿಂಗ್ಳು ನೋಡು, ಇಲ್ಲಾಂದ್ರ ಬಿಟ್ಬಿಡು" ಎಂದರು. ಆ ಕೆಲಸ ಬಿಡುವುದನ್ನು ನೆನೆದರೇ ನನಗೆ ಅಳು ಬರುತ್ತಿತ್ತು.

ಅದುವರೆಗೆ ಬೇಡವೆನ್ನುತ್ತಿದ್ದ ಎಲೆಯನ್ನು ಮರುದಿನ ಸಾಬರು ಮುಂದೆ ಹಿಡಿದಾಗ ತೆಗೆದುಕೊಂಡೆ. "ಎಲೆ ಮುರೀರಿ ಮೊದ್ಲು, ಟಿಕೆಟ್ ಆಮ್ಯಾಲೆ. ಕಣ್ಮುಚ್ಚಬ್ಯಾಡ್ರಿ ಅಕ್ಕಾರೇ, ದೂರ ನೋಡ್ರಿ."

ಮುರಿದ ಎಲೆಯ ಖಾರವಾದ ತಂಪು ಮೂಗಿಗೇರಿತು. ಬಾಯಲ್ಲಿ ಊರುತ್ತಿದ್ದ ನೀರು ನಿಂತಿತು. ತಿಂಗಳು ಕಳೆಯಿತು, ನಾನು ಕೆಲಸ ಬಿಡಲಿಲ್ಲ.

ಒಮ್ಮೆ ಎಲೆಯನ್ನು ಬಿಸಿಲಿಗೆ ಹಿಡಿದು, "ಈ ಚುಕ್ಕಿಗಳಾಗ ಎಣ್ಣೆ ಇರ್ತೈತೆ ಸಾಬ್ರೇ, ಘಮ್ ಅನ್ನೋದು ಅದೇ" ಎಂದೆ. ಅಂದಿನಿಂದ ಅವರು ಬಸ್ಸಿಗೆಲ್ಲ ಎಲೆ ಎತ್ತಿ ತೋರಿಸಿ, "ಚುಕ್ಕಿ ಕಾಣ್ತಾವಾ? ಅದೇ ಔಷಧಿ ಅಂತ ಅಕ್ಕಾರು ಹೇಳ್ಯಾರ" ಎಂದು ನನ್ನ ಪಾಠವನ್ನೇ ಒಪ್ಪಿಸತೊಡಗಿದರು. ನಾನು ಸೆರಗಿನಲ್ಲಿ ನಗು ಮುಚ್ಚಿಕೊಳ್ಳುತ್ತಿದ್ದೆ.

ಮರುವರ್ಷ ಒಂದು ಬೆಳಗ್ಗೆ ಅದೇ ಎಲೆ ಮೂಗಿಗೆ ತಾಗಿದ್ದೇ ತಡ, ವಾಂತಿಯಾಯಿತು. ಸಾಬರು ಎಲೆಯನ್ನು ಹಿಂದಕ್ಕೆ ತೆಗೆದುಕೊಂಡು ಮೆಲ್ಲಗೆ ಹೇಳಿದರು: "ಎಲೆ ವಾಸ್ನಿ ಬ್ಯಾಡಾಗೈತೆ ಅಂತ ಮನ್ಯಾಗ ಅತ್ತೆವ್ವಾರಿಗೆ ಹೇಳ್ರಿ. ಅವರಿಗೆ ತಿಳೀತೈತೆ."

ಅತ್ತೆ ಕೇಳಿದವರೇ ನನ್ನ ಕೆನ್ನೆ ಸವರಿ ದೇವರಿಗೆ ದೀಪ ಹಚ್ಚಿದರು. ನಾನು ಬಸುರಿ ಎಂಬುದು ನನಗಿಂತ ಮೊದಲು ತಿಳಿದದ್ದು ಕಂಡಕ್ಟರಿಗೆ. ಮಾರನೆಯ ದಿನದಿಂದ ಚೀಲದಲ್ಲಿ ನನಗೆಂದು ಹಸಿಶುಂಠಿಯ ಚೂರು ಇರುತ್ತಿತ್ತು.

ಅವರು ಕೆಲಸದಿಂದ ಇಳಿದು ಕೆಲವು ವರ್ಷಗಳಾದ ಮೇಲೆ, ಹಾಸಿಗೆ ಹಿಡಿದಿದ್ದಾರೆಂದು ಕೇಳಿ ನೋಡಲು ಹೋದೆ. ಅದೇ ನಮ್ಮ ಕೊನೆಯ ಭೇಟಿ. ಅಂಗಳದ ನಿಂಬೆ ಗಿಡ ದಟ್ಟವಾಗಿ ಬೆಳೆದಿತ್ತು.

"ಈಗ ಕೀಳೋರಿಲ್ಲ ನೋಡ್ರಿ" ಎಂದು ನಕ್ಕರು. ಆಮೇಲೆ, "ನಿಮಗೊಂದು ಹೇಳಿದ್ದಿಲ್ಲ ಅಕ್ಕಾರೇ. ಬಸ್ಸು ನನಗೂ ಆಗ್ತಿದ್ದಿಲ್ಲ. ಹೊಟ್ಟಿ ತೊಳಸದ ದಿನಾನೇ ಇಲ್ಲ. ಬಿಟ್ಬಿಡಬೇಕು ಅಂತ ಮಾಡಿದ್ದೆ, ಅಷ್ಟ್ರಾಗ ನೀವು ಬಂದ್ರಿ. ಅಷ್ಟು ಒದ್ದಾಡಿದ್ರೂ ದಿನಾ ಹತ್ತತಿದ್ರಿ. ನಿಮ್ಮನ್ನ ನೋಡಿ ನಾನೂ ಬಿಡಲಿಲ್ಲ" ಎಂದರು.

ಅಂಗಳಕ್ಕೆ ಹೋಗಿ ಒಂದು ಎಲೆ ಕಿತ್ತು, ಮುರಿದು, ಅವರ ಕೈಗಿಟ್ಟೆ. ಮೂಗಿಗೆ ಹಿಡಿದು ಕಣ್ಣು ಮುಚ್ಚಿದರು.

"ಕಣ್ಮುಚ್ಚಬ್ಯಾಡ್ರಿ ಸಾಬ್ರೇ, ದೂರ ನೋಡ್ರಿ" ಎಂದೆ.