ಸಾಕಮ್ಮತ್ತೆ ಕೇಳಿದ ಕುಂಟು ಕಾಲು

ರಾಮನಗರದ ರೇಷ್ಮೆಗೂಡಿನ ಮಾರುಕಟ್ಟೆಯಲ್ಲಿ ಸಾಕಮ್ಮತ್ತೆಯನ್ನು ಹುಡುಕುವುದು ಬಲು ಸುಲಭ. ಸೆರಗಿನ ತುದಿಯನ್ನು ಗೂಡಿನ ಮೂಟೆಯ ಬಾಯಿಗೆ ಗಂಟು ಹಾಕಿಕೊಂಡು ನಿಂತವಳು ಅಲ್ಲಿ ಅವಳೊಬ್ಬಳೇ. ಯಾರಾದರೂ ನಕ್ಕರೆ, "ನಗ್ರಪ್ಪ ನಗ್ರಿ. ಮೂಟೆ ಹೊಂಟ್ರೆ ಜೊತೇಲಿ ನಾನೂ ಹೊಂಡ್ತೀನಿ. ನಿಮ್ಮಂಗೆ ಬಾಯ್ ಬಡ್ಕಂಡು ಹುಡುಕಾಕಿಲ್ಲ" ಅನ್ನುತ್ತಿದ್ದಳು.

ಕೈಲಾಂಚದ ಕಡೆಯ ನಮ್ಮೂರಲ್ಲಿ ಅವಳದು ಪಕ್ಕದ ಮನೆ. ಬಳಕೆಯಿಂದ ನನಗೆ ಅತ್ತೆ. ಬೆಂಗಳೂರು ದಾಟಿದವಳಲ್ಲ. ಆದರೆ ಗುರುತಿಲ್ಲದವರನ್ನು ಅಳೆಯಲು ಅವಳ ಹತ್ತಿರ ಒಂದು ಪ್ರಶ್ನೆಯಿತ್ತು. ಅದು ಕೆಲಸ ಮಾಡಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಒಂದು ಬೆಳಿಗ್ಗೆ ಮಾರುಕಟ್ಟೆಯಲ್ಲಿ ಗರಿಗರಿ ಅಂಗಿಯವನೊಬ್ಬ ಬಂದು, "ಅಕ್ಕಾ, ನಿಮ್ಮೆಜಮಾನ್ರು ಮೂಟೆ ಈಸ್ಕಂಡು ಬಾ ಅಂದ್ರು. ಗಾಡಿ ಆಚೆ ನಿಂತೈತೆ" ಅಂದ.

ಅತ್ತೆ ಗಂಟು ಬಿಚ್ಚುವವಳಂತೆ ಕೈಯಿಟ್ಟು, "ಅವರ ಕುಂಟು ಕಾಲು ಹೆಂಗೈತಪ್ಪ ಈಗ?" ಎಂದು ಕೇಳಿದಳು.

"ಒಸಿ ವಾಸಿ ಕಣಕ್ಕ. ಊರುಗೋಲು ಬುಟ್ಟವ್ರೆ."

ಎರಡು ಕಾಲೂ ನೆಟ್ಟಗಿದ್ದ ಮಾವ ಅವನ ಬೆನ್ನ ಹಿಂದೆಯೇ ಟೀ ಕುಡಿಯುತ್ತಿದ್ದರು. ಲೋಟ ಕೆಳಗಿಟ್ಟು ಗೇಟಿನ ತನಕ ಅವನನ್ನು ಅಟ್ಟಿಸಿಕೊಂಡು ಹೋದರು. ಅತ್ತೆ ನನ್ನ ಕಡೆ ತಿರುಗಿ, "ನೋಡ್ದೇನ್ಲಾ, ಎಷ್ಟ್ ವಾಸಿಯಾಗೈತೆ" ಅಂದಳು.

ಆಮೇಲೆ ನನಗೆ ಬಿಡದಿಯ ಒಂದು ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿತು. ಹೊಸ ಯಂತ್ರ ಕಲಿತು ಬಾ ಎಂದು ಬ್ಯಾಂಕಾಕಿಗೆ ಒಬ್ಬನನ್ನೇ ಕಳಿಸಿದರು. ಹೊರಡುವ ಮುಂಚೆ ಅತ್ತೆಗೆ ಹೇಳಲು ಹೋದೆ. ಪಾಸ್‌ಪೋರ್ಟನ್ನು ತಿರುವಿ ನೋಡಿ, "ಈ ಪುಸ್ತಕ ಯಾರ್ ಕೇಳುದ್ರೂ ಕೊಡ್ಬ್ಯಾಡ" ಅಂದಳು.

"ಅಲ್ಲಿ ಆಫೀಸರಿಗೆ ಕೊಡಲೇಬೇಕತ್ತೆ."

"ಕೊಡು. ಒಂದ್ ತುದಿ ಹಿಡ್ಕಂಡಿರು."

ಬ್ಯಾಂಕಾಕಿನ ವಿಮಾನ ನಿಲ್ದಾಣದಲ್ಲಿ ಹಾಗೇ ಹಿಡಿದುಕೊಂಡೆ. ಗಾಜಿನ ಹಿಂದಿದ್ದ ಹೆಣ್ಣುಮಗಳು ಎರಡು ಸಲ ಎಳೆದಳು, ಮೂರನೆಯ ಸಲ ಗದರಿದಳು. ಆಗ ಬಿಟ್ಟೆ.

ಹೊರಗೆ ಬಂದರೆ ನನ್ನ ಹೆಸರಿನ ಬೋರ್ಡು ಎಲ್ಲೂ ಇಲ್ಲ. ಟವೆಲ್ಲಿನಿಂದ ಪೆಟ್ಟಿಗೆಯನ್ನು ಮಣಿಕಟ್ಟಿಗೆ ಕಟ್ಟಿಕೊಂಡು ನಿಂತೆ. ಆಗ ನಮ್ಮ ದೇಶದವನಂತೆಯೇ ಕಾಣುವ ಒಬ್ಬ, ಪೆಟ್ಟಿಗೆಯ ಚೀಟಿ ಮೇಲೆ ಕಣ್ಣಾಡಿಸಿ, ನನ್ನ ಹೆಸರು ಹಿಡಿದೇ ಕರೆದ. ಕಂಪನಿ ಕಳಿಸಿದೆ, ಕಾರು ಹೊರಗಿದೆ, ಪಾಸ್‌ಪೋರ್ಟ್ ಕೊಡಿ ಎಂದು ಹಿಂದಿಯಲ್ಲಿ ಬೆಣ್ಣೆ ಸವರಿದಂತೆ ಮಾತಾಡಿದ. ಪರದೇಶದಲ್ಲಿ ಹೆಸರು ಹಿಡಿದು ಕರೆದರೆ ಜೀವ ಕರಗುತ್ತದೆ. ಕೈ ಜೇಬಿಗೆ ಹೋಗಿಯೇಬಿಟ್ಟಿತ್ತು. ಅಷ್ಟರಲ್ಲಿ ಟವೆಲ್ಲಿನ ಗಂಟು ಮಣಿಕಟ್ಟನ್ನು ಜಗ್ಗಿತು, ಅತ್ತೆ ನೆನಪಾದಳು.

"ನಿಮ್ಮ ಮ್ಯಾನೇಜರ್ ಸಾಹೇಬರ ಕುಂಟು ಕಾಲು ಈಗ ಹೇಗಿದೆ?" ಎಂದೆ.

"ಪರವಾಗಿಲ್ಲ, ಓಡಾಡುತ್ತಿದ್ದಾರೆ" ಅಂದ.

ನಾನು ಪೆಟ್ಟಿಗೆ ಎಳೆದುಕೊಂಡು ಸೀದಾ ಪೊಲೀಸಿನವನ ಪಕ್ಕ ಹೋಗಿ ನಿಂತೆ. ತಿರುಗಿ ನೋಡಿದರೆ ಆಸಾಮಿ ಇಲ್ಲ.

ಅರ್ಧ ಗಂಟೆಯ ಮೇಲೆ ಬೋರ್ಡು ಹಿಡಿದ ನಿಜವಾದ ಡ್ರೈವರ್ ಏದುಸಿರು ಬಿಡುತ್ತಾ ಬಂದ. ಅವನಿಗೂ ಅದೇ ಪ್ರಶ್ನೆ. ಪಾಪ, ಗಾಬರಿಯಾಗಿ "ಗೊತ್ತಿಲ್ಲ ಸಾರ್" ಎಂದು ಕೈ ಮುಗಿದ. ನೆಮ್ಮದಿಯಿಂದ ಕಾರು ಹತ್ತಿದೆ. ಅವನು ಸುದ್ದಿಯನ್ನು ಆಫೀಸಿಗೆ ಮುಟ್ಟಿಸಿರಬೇಕು. ಮಾರನೆಯ ದಿನ ಅಲ್ಲಿನ ಮ್ಯಾನೇಜರ್ ನನ್ನೆದುರು ನಾಲ್ಕು ಹೆಜ್ಜೆ ಬಿರುಸಾಗಿ ನಡೆದು ತೋರಿಸಿ ಕೈ ಕುಲುಕಿದರು.

ಊರಿಗೆ ಬಂದು ಹೇಳಿದಾಗ ಅತ್ತೆ ನಗಲಿಲ್ಲ. "ಸುಳ್ಳ ಎಲ್ಲಕ್ಕೂ ಉತ್ರ ಕೊಡ್ತಾನೆ ಕಣ್ಲಾ. ಗೊತ್ತಿಲ್ಲ ಅಂದೋನ ಗಾಡಿ ಹತ್ತಬೋದು" ಅಂದಳು.

ಕೊನೆಯ ಸಲ ನೋಡಲು ಹೋದಾಗ ಮಾವ ತೀರಿಹೋಗಿದ್ದರು; ಅತ್ತೆಗೆ ಕಣ್ಣು ಪೂರಾ ಮಂಜಾಗಿತ್ತು. ಬಾಗಿಲಲ್ಲೇ ನಿಂತು, "ಅತ್ತೆ, ನಾನು ಶಿವು" ಅಂದೆ.

"ಬಂದೋರೆಲ್ಲ ಏನಾದ್ರೂ ಒಂದ್ ಹೆಸ್ರು ಹೇಳ್ತಾರೆ. ನಮ್ಮೆಜಮಾನ್ರ ಕುಂಟು ಕಾಲು ಯಾವ್ದು, ಹೇಳು?"

"ಎರಡೂ ನೆಟ್ಟಗಿದ್ವು ಅತ್ತೆ."

"ಹಂಗಾರೆ ನೀನೇ. ಕೂತ್ಕ."

ಕೂತೆ. ಅವಳು ತಡಕಾಡಿ ನನ್ನ ಬ್ಯಾಗಿನ ಹಿಡಿಕೆಗೆ ತನ್ನ ಸೆರಗಿನ ತುದಿಯನ್ನು ಗಂಟು ಹಾಕಿದಳು.

"ಉಣ್ಣೋಗಂಟ ಬಿಚ್ಚಾಕಿಲ್ಲ" ಅಂದಳು. ಆವತ್ತು ನಾನು ಬಹಳ ನಿಧಾನವಾಗಿ ಉಂಡೆ.