ಸಮುದ್ರಸೌತೆಗೆ ಹೆಸರಿಟ್ಟವಳು

ಅವಳ ಬೆರಳ ತುದಿಗಳು ಸ್ಪಿರಿಟ್ಟಿನಲ್ಲಿ ನೆನೆದು ನೆನೆದು ಬಿಳುಚಿ ಸಿಪ್ಪೆ ಎದ್ದಿರುತ್ತಿದ್ದವು. ಒಗ್ಗರಣೆ ಹಾಕಿದರೂ ಆ ಕೈಯಿಂದ ಆಸ್ಪತ್ರೆ ವಾಸನೆಯೇ. ಮರಳೂರಿನ ನಮ್ಮ ಮಹಡಿಗೆ ಬಾಡಿಗೆಗೆ ಬಂದವಳು, ಬೀದಿಗೆಲ್ಲ ಮೇಡಮ್ಮ. ಮಾರ್ಕೋನಹಳ್ಳಿ ಡ್ಯಾಮಿನ ನೀರು ನೋಡಿ ಬೆಳೆದವಳು ಕಡಲ ಜೀವಿಗಳ ಸಂಶೋಧಕಿಯಾಗಿ ಹಡಗು ಹತ್ತಿ, ಬೆಳಕೇ ಇಳಿಯದ ಕಡಲ ತಳದಿಂದ ಒಂದು ಪ್ರಾಣಿ ತಂದಿದ್ದಳು. ಸಮುದ್ರಸೌತೆ ಎಂಬ ಕುಲದ್ದಂತೆ. ಕ್ಯಾನ್ಸರ್ ಎಂದು ಗೊತ್ತಾದ ಮೇಲೆ ಕೆಲಸವನ್ನು ಮನೆಗೇ ತಂದುಕೊಂಡಳು.

ಸ್ಪಿರಿಟ್ಟು ತುಂಬಿದ ಸೀಸೆಯಲ್ಲಿ ಅದನ್ನು ನೋಡಿ, "ಏನೇ ಇದು, ಹೆರೆದು ಬಿಸಾಕಿದ ಹೀರೇಕಾಯಿ ಇದ್ದಂಗದೆ!" ಎಂದೆ.

"ಬಾ ಅಜ್ಜಿ, ಇಲ್ಲಿ ಕಣ್ಣಿಡು."

ಅದರ ಚೂರು ಚರ್ಮವನ್ನು ಬ್ಲೀಚಿನಲ್ಲಿ ಕರಗಿಸಿದ್ದಳು. ಮಾಂಸ ಹೋಗಿ ಉಳಿದ ಮೂಳೆಪುಡಿಯ ಒಂದೊಂದು ಕಣವೂ ಮೈಕ್ರೋಸ್ಕೋಪಿನಡಿ ಗಾಡಿಚಕ್ರದಂತಿತ್ತು. ಇಂಥ ಚಕ್ರ ಬೇರೆ ಯಾವ ಸೌತೆಗೂ ಇಲ್ಲ, ಅದಕ್ಕೇ ಇದು ಹೊಸ ಜಾತಿ ಎಂದಳು. ಚಿತ್ರ ಬರೆದು, ಹೆಸರಿಟ್ಟು, ವಿಜ್ಞಾನದ ಪತ್ರಿಕೆಯಲ್ಲಿ ಅಚ್ಚಾಗಬೇಕು. ಅಲ್ಲಿಯವರೆಗೆ ಅದು ಲೆಕ್ಕಕ್ಕಿಲ್ಲ.

"ನಿನ್ನ ಹೆಸರೇ ಇಟ್ಟುಬುಡು."

"ಕಂಡುಹಿಡಿದೋರು ತಮ್ಮ ಹೆಸರೇ ಇಟ್ಕೊಂಡ್ರೆ ಉಗೀತಾರೆ ಅಜ್ಜಿ."

ಕೀಮೋ ಶುರುವಾಗಿ ಕೈ ನಡುಗತೊಡಗಿತು. ಬರೆದ ಚಕ್ರವನ್ನು ಹರಿದುಹಾಕಿ ಮತ್ತೆ ಬರೆಯುವಳು. ನನ್ನ ಕಣ್ಣಿಗೆ ಎಲ್ಲ ಒಂದೇ. "ಕಳ್ಸೇ, ಸಾಯೋದ್ರೊಳಗೆ ಅಚ್ಚಾಗಿದ್ದು ನೋಡ್ಕೊಂಡಾದ್ರೂ ಹೋಗು" ಎಂದು ಬೈದೆ.

"ಈ ನಡುಕ ನಂದು ಕಣಜ್ಜಿ, ಅದರದ್ದಲ್ಲ. ಅದರ ಮೈಮೇಲೆ ಹೆಂಗೆ ಬರೀಲಿ?" ಎಂದವಳು ಸೀಸೆಯ ಮುಚ್ಚಳ ಬಿಗಿದು, "ಎಷ್ಟೋ ಜೀವ ಹೆಸರಿಲ್ದೆ ಸಾಯ್ತವೆ. ಇದ್ವು ಅಂತ್ಲೂ ಯಾರಿಗೂ ಗೊತ್ತಾಗಲ್ಲ" ಎಂದಳು.

ನನ್ನ ಚೊಚ್ಚಲ ಮಗಳು ತೊಟ್ಟಿಲಿಗೆ ಹಾಕುವ ಮುಂಚೆಯೇ ಹೋದಳು. ಹೆಸರಿಟ್ಟಿರಲಿಲ್ಲ. ಮಕ್ಕಳೆಷ್ಟು ಎಂದವರಿಗೆ ಇಬ್ಬರು ಗಂಡು ಎಂದೇ ಹೇಳುತ್ತಾ ಬಂದಿದ್ದೆ. ಅವತ್ತು ಅವಳಿಗೆ ಹೇಳಿದೆ. ಅವಳು ಸಮಾಧಾನ ಗೀಮಾಧಾನ ಮಾಡಲಿಲ್ಲ.

"ಹೆಂಗಿದ್ಳು?" ಎಂದಳು.

ಇಷ್ಟು ವರ್ಷದಲ್ಲಿ ಯಾರೂ ಅದನ್ನು ಕೇಳಿರಲಿಲ್ಲ. ತಲೆತುಂಬ ಕೂದಲಿತ್ತು ಎಂದೆ. ಎಡಗಿವಿ ಮಡಚಿಕೊಂಡಿತ್ತು.

ಕೈ ನೆಟ್ಟಗಿದ್ದ ಒಂದು ಬೆಳಗ್ಗೆ ಚಿತ್ರ ಮುಗಿಸಿ ಕಳಿಸಿದಳು. ಅಚ್ಚಾಗುವ ಮೊದಲೇ ತೀರಿಕೊಂಡಳು. ಸೀಸೆ ಒಯ್ಯಲು ಬಂದ ಅವಳ ಆಫೀಸಿನ ಹೆಂಗಸು, ಪ್ರಿಂಟಾಯಿತೆಂದು ಫೋನಿನಲ್ಲಿ ತೋರಿಸಿದಳು. ಚಕ್ರದ ಗೆರೆಯಲ್ಲಿ ನಡುಕವಿರಲಿಲ್ಲ. ಅದಕ್ಕಿಟ್ಟ ಹೆಸರಿಗೆ ನನ್ನ ನಾಲಿಗೆ ಹೊರಳಲಿಲ್ಲ.

ಮೊನ್ನೆ ಮಹಡಿ ನೋಡಲು ಬಂದವಳೊಬ್ಬಳು, "ಮಕ್ಕಳೆಷ್ಟು ಅಜ್ಜಿ?" ಎಂದಳು.

ಮೂವರು ಎಂದೆ. ಹೆಸರೂ ಹೇಳಿದೆ. ದೊಡ್ಡವಳಿಗೆ ನಾನೇ ಇಟ್ಟಿದ್ದು, ಮೇಡಮ್ಮನ ಹೆಸರು.